ಎಲ್ಲರಿಗೂ ಒಂದೇ ಸಾ

ಇಂಗ್ಲಿಷ್ ಸ್ವರಲಿಪಿ ಓದಲು ಬರುವವನು ಇಡೀ ಶಿಗ್ಗಾವಿಯಲ್ಲಿ ನಾನೊಬ್ಬನೇ ಇದ್ದೆ. ಈ ಮಾತನ್ನು ಎಷ್ಟು ಸಲ ಹೇಳಿಕೊಂಡು ತಿರುಗಿದ್ದೇನೆಂದರೆ, ಕಡೆಕಡೆಗೆ ಊರವರೇ ಅದನ್ನು ಹೇಳಿ ನನ್ನ ಬಾಯಿಗೆ ಕೆಲಸ ಕಡಿಮೆ ಮಾಡಿದರು. ಕರಬಸಪ್ಪ ಮಾಸ್ತರರಿಗೆ ಸಾಹೇಬರ ಸಂಗೀತ ಓದಲು ಬರುತ್ತದಂತೆ. ಬರುತ್ತಿತ್ತು, ಸುಳ್ಳಲ್ಲ. ಮಾಸ್ತರಿಕೆಯ ತರಬೇತಿಗೆಂದು ಧಾರವಾಡಕ್ಕೆ ಹೋದಾಗ ಒಬ್ಬ ಪಾದ್ರಿಯ ಹತ್ತಿರ ಮೂರು ತಿಂಗಳು ಕಲಿತಿದ್ದೆ. ಮೂರು ತಿಂಗಳಲ್ಲಿ ಎಷ್ಟು ಬರಬೇಕೋ ಅಷ್ಟು ಬಂದಿತ್ತು. ಉಳಿದದ್ದನ್ನು ನನ್ನ ಜಂಬ ತುಂಬಿಕೊಟ್ಟಿತ್ತು.

೧೯೩೬ರ ದೀಪಾವಳಿ ಮುಗಿದ ಮೇಲೆ ನಮ್ಮೂರಿನ ಹತ್ತಿ ವ್ಯಾಪಾರಿ ಕುಬೇರಪ್ಪ ಸಾವ್ಕಾರರು ಬೆಳಗಾವಿಗೆ ಹೋದರು. ಅಲ್ಲಿ ಯಾವುದೋ ಪಲ್ಟನ್ನಿನ ಹಳೆಯ ಬ್ಯಾಂಡು ಲಿಲಾವಿಗೆ ಬಂದಿತ್ತು. ಹನ್ನೆರಡು ವಾದ್ಯ, ಹನ್ನೆರಡು ಕೆಂಪು ಕೋಟು, ಒಂದು ತಗಡಿನ ಟ್ರಂಕು. ಎಲ್ಲವನ್ನೂ ಹತ್ತಿಯ ಅಂಡಿಗೆಗಳ ಜೊತೆ ಹೇರಿಕೊಂಡು ಬಂದರು. ಮುಂದಿನ ಮೇ ತಿಂಗಳಲ್ಲಿ ವಿಲಾಯತಿಯ ಹೊಸ ದೊರೆಗೆ ಪಟ್ಟಾಭಿಷೇಕ. ಆ ದಿನ ಜಿಲ್ಲೆಯ ದೊಡ್ಡ ಸಾಹೇಬರು ಮಡದಿಯೊಡನೆ ಶಿಗ್ಗಾವಿಯಲ್ಲಿ ಡೇರೆ ಹಾಕುವವರಿದ್ದರು. ಅವರದೇ ದೇಶದ ಹಾಡನ್ನು ಅವರೆದುರು ಬಾರಿಸಿ ತೋರಿಸಿದರೆ ತಮ್ಮ ಹೆಸರಿನ ಮುಂದೆ ‘ರಾವಸಾಹೇಬ’ ಎಂಬ ಸರಕಾರಿ ಬಿರುದು ಕೂತುಕೊಳ್ಳಬಹುದು ಎಂಬುದು ಸಾವ್ಕಾರರ ಆಸೆ. ಊರಿಗೆಲ್ಲ ಗೊತ್ತಿದ್ದ ಆಸೆ.

ಬ್ಯಾಂಡಿಗೆ ಮಾಸ್ತರನೊಬ್ಬ ಬೇಕಲ್ಲ. ಬಂಕಾಪುರದ ಹುಸೇನಸಾಬನನ್ನು ಕರೆಸಿದರು. ಹುಟ್ಟಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಆದರೆ ಪ್ರಾಯದಲ್ಲಿ ಒಂದು ನಾಟಕ ಕಂಪನಿಯ ಹಿಂದೆ ಬಿದ್ದು ಹದಿನೈದು ವರ್ಷ ಕ್ಲಾರಿಯೋನೆಟ್ ಊದಿಕೊಂಡಿದ್ದವನು. ಕಂಪನಿ ಮುರಿದ ಮೇಲೆ ತಿರುಗಿ ಬಂದು ಹಿಂಜುವ ಬಿಲ್ಲು ಹಿಡಿದಿದ್ದ. ಅವನಿಗೆ ಒಂದಕ್ಷರ ಓದು ಬಾರದು. ಕಿವಿ ಮಾತ್ರ ಎಂಥದೆಂದರೆ, ಹುಬ್ಬಳ್ಳಿ ಕಡೆಯ ಮೋಟಾರು ಗಾಡಿ ಊರ ಹೊರಗೆ ಹಾರ್ನ್ ಹೊಡೆದರೆ ಅದು ಯಾವ ಸ್ವರ ಎಂದು ಹೇಳಿ, ಬೇಕಾದರೆ ನಿಮ್ಮ ಹಾರ್ಮೋನಿಯಂ ತೆಗೆದು ನೋಡಿರಿ ಎನ್ನುತ್ತಿದ್ದ. ನಾನು ತೆಗೆದು ನೋಡಿದ್ದೆ. ಸರಿಯಿರುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ.

ಹಿತ್ತಾಳೆ ಗುಂಡಿಯ ಕೆಂಪು ಕೋಟನ್ನು ಸಾವ್ಕಾರರು ತಾವೇ ಅವನಿಗೆ ತೊಡಿಸಿ, ‘ಇನ್ನ ನೀನ ಬ್ಯಾಂಡ್ ಮಾಸ್ತರ’ ಎಂದರು. ನಲವತ್ತೈದು ದಾಟಿದ ಮನುಷ್ಯ. ಅಲ್ಲಿಯವರೆಗೆ ಯಾರೂ ಅವನನ್ನು ಯಾವುದಕ್ಕೂ ಮಾಸ್ತರ ಎಂದಿರಲಿಲ್ಲ. ಆ ಕೋಟನ್ನು ಅವನು ಬಂಕಾಪುರದ ಮನೆಯಲ್ಲೂ ಬಿಚ್ಚುತ್ತಿರಲಿಲ್ಲವೆಂದು, ಗಾದಿ ಹೊಲಿಸಲು ಬಂದವರು ಹೆದರಿ ಹೊರಗೇ ನಿಲ್ಲುತ್ತಾರೆಂದು ಅವನ ಹೆಂಡತಿ ಲಾಲಬಿ ನಗುತ್ತಿದ್ದಳಂತೆ.

ಟ್ರಂಕಿನ ಕಾಗದಗಳು ನನ್ನ ಪಾಲಿಗೆ ಬಂದವು. ಬ್ಯಾಂಡಿಗಾಗಿ ಹೊಂದಿಸಿ ಬರೆದ ಇಂಗ್ಲಿಷ್ ಹಾಡುಗಳು. ಒಂದೇ ಹಾಡಿಗೆ ವಾದ್ಯಕ್ಕೊಂದು ಬೇರೆ ಕಾಗದ. ಒಬ್ಬನಿಗೆ ಹಾಡು, ಒಬ್ಬನಿಗೆ ಅದರ ಕೆಳಗಿನ ಆಸರೆ, ಮತ್ತೊಬ್ಬನಿಗೆ ಬರೀ ಭೋಂ ಭೋಂ. ಇವನ್ನೆಲ್ಲ ಸರಿಗಮಕ್ಕೆ ಇಳಿಸಿ, ಓದಲು ಬಾರದವರಿಗೆ ಬಾಯಿಪಾಠ ಮಾಡಿಸುವುದು ನನ್ನ ಕೆಲಸ. ಮೇಲಿನ ಹಾಳೆಯಲ್ಲಿ ಒಂದು ಸಣ್ಣ ಮುನ್ನುಡಿಯಿತ್ತು. ಇವು ಅರಮನೆಯ ಹಾಡುಗಳಲ್ಲ. ಹಳ್ಳಿಗಾಡಿನ ಮುದುಕ ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡವು. ನಾವು ಆರಿಸಿದ ಹಾಡಂತೂ ಬೆಳಗಿನಲ್ಲಿ ಹಾಲು ಕರೆಯಲು ಹೋಗುವ ಹುಡುಗಿಯದು. ಅದನ್ನು ಓದಿ ನನಗೆ ಒಂಥರಾ ನಾಚಿಕೆಯಾಯಿತು. ಸಾವ್ಕಾರರಿಗೆ ಏನೆಂದು ಹೇಳುವುದು? ದೊರೆಯ ಪಟ್ಟಾಭಿಷೇಕಕ್ಕೆ ಗೌಳಿಗರ ಹುಡುಗಿಯ ಪದವೇ? ಆ ಹಾಳೆಯನ್ನು ಮಡಿಚಿ ಪುಸ್ತಕದಲ್ಲಿಟ್ಟುಕೊಂಡು, ಇದು ದೊರೆಯ ಆಸ್ಥಾನದ ಸಂಗೀತ ಎಂದು ಎಲ್ಲರಿಗೂ ಸಾರಿದೆ.

ಪ್ರತಿ ಕಾಗದದ ಮೂಲೆಯಲ್ಲಿ, ವಾದ್ಯದ ಹೆಸರಿನ ಪಕ್ಕ, ಒಂದು ಇಂಗ್ಲಿಷ್ ಅಕ್ಷರ ಅಚ್ಚಾಗಿತ್ತು. ಕೆಲವಕ್ಕೆ ಒಂದು, ಕೆಲವಕ್ಕೆ ಇನ್ನೊಂದು. ಛಾಪಖಾನೆಯವರ ಗುರುತಿರಬೇಕೆಂದು ನಾನು ಅದನ್ನು ಬರೆದುಕೊಳ್ಳಲೇ ಇಲ್ಲ.

ಸಂಕ್ರಮಣದ ಮರುದಿನ ಸಾವ್ಕಾರರ ಹತ್ತಿ ಗೋದಾಮಿನಲ್ಲಿ ತಾಲೀಮು ಶುರುವಾಯಿತು. ನಾನು ಹಾರ್ಮೋನಿಯಂ ಇಟ್ಟುಕೊಂಡು ಕೂತೆ. ನಮ್ಮಲ್ಲಿ ಭಜನೆಗೆ ಕೂತರೂ ಮೊದಲು ಎಲ್ಲರೂ ಒಂದು ಶ್ರುತಿಗೆ ಸೇರುತ್ತಾರೆ, ಆಮೇಲೆ ಹಾಡು. ಇದು ಯಾರೂ ಕಲಿಸಬೇಕಾದ ಮಾತಲ್ಲ. ನಾನೂ ಹಾಗೇ ಮಾಡಿದೆ. ಹಾರ್ಮೋನಿಯಂನ ಸಾ ಒತ್ತಿ ಹಿಡಿದು, ಹನ್ನೆರಡು ಮಂದಿಯೂ ತಮ್ಮ ತಮ್ಮ ವಾದ್ಯದಲ್ಲಿ ಅದೇ ಸಾ ಹುಡುಕಬೇಕೆಂದೆ. ಹುಡುಕಿದರು. ಅಲ್ಲಿಂದ ನಾನು ಬರೆದುಕೊಟ್ಟ ಸರಿಗಮ ನುಡಿಸಬೇಕೆಂದೆ. ಬೆರಳುಗಳು ತೊಡರಿದವು. ಸನಾದಿ ಊದುವವರ ಮನೆಯಿಂದ ಬಂದ ಮಾರೆಪ್ಪ ಸಣ್ಣ ಕೊಂಬಿನ ಮೂರು ಗುಂಡಿಗಳ ಮೇಲೆ ಬೆವರು ಸುರಿಸಿದ. ಒಬ್ಬೊಬ್ಬನನ್ನೇ ಕೇಳಿದರೆ ಎಲ್ಲ ಸರಿ. ಹನ್ನೆರಡು ಜನ ಕೂಡಿದರೆ ಕಿವಿಯಲ್ಲಿ ಮರಳು ಸುರಿದ ಹಾಗೆ.

ಒಂದು ವಾರ ತಾಳಿಕೊಂಡು ಹುಸೇನಸಾಬ ನನ್ನ ಹತ್ತಿರ ಬಂದ. ಕೋಟಿನ ಗುಂಡಿ ತಿರುವುತ್ತ, ತಗ್ಗಿದ ದನಿಯಲ್ಲಿ, ‘ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ಈ ಕೊಳವಿ ತನ್ನ ಸಾ ಬ್ಯಾರೆ ಐತಿ ಅನ್ನಾಕತ್ತೈತ್ರಿ. ಮಾರೆಪ್ಪನ ಕೊಂಬಿಂದೂ ಬ್ಯಾರೆ. ಅವರವರ ಸಾ ಅವರು ಹಿಡದ್ರ ಹೆಂಗ ಅಂತ’ ಎಂದ.

‘ಎಲ್ಲಾರೂ ತಮ್ಮ ತಮ್ಮ ಸಾ ಹಿಡದ್ರ ಅದು ಸಂತಿ ಆಕ್ಕೈತಿ. ಕಾಗದ ಓದಾಕ ಬರ್ತೈತೇನು ನಿನಗ?’ ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

ಬರುವುದಿಲ್ಲ ಎಂದು ಒಪ್ಪಿಕೊಂಡ. ಆದರೂ ಹೋಗಲಿಲ್ಲ. ಹಾಡಿನ ನಡಿಗೆ ನಮ್ಮ ಹೆಂಗಸರ ಬೀಸುವ ಪದದಂತೆ ಇದೆ, ಕಲ್ಲು ತಿರುಗಿದ ಹಾಗೆ ತಿರುಗಿ ತಿರುಗಿ ಅಲ್ಲಿಗೇ ಬರುತ್ತದೆ, ಅಂಥ ಹಾಡು ಇಷ್ಟು ಒರಟಾಗಿ ಕೇಳಿಸಲಾರದು ಎಂದು ಮೆಲ್ಲಗೆ ಹೇಳಿದ. ನನಗೆ ಮಡಿಚಿಟ್ಟ ಮುನ್ನುಡಿ ನೆನಪಾಯಿತು, ಸಿಟ್ಟು ನೆತ್ತಿಗೇರಿತು. ದೊರೆಯ ಆಸ್ಥಾನದ ಸಂಗೀತವನ್ನು ಬೀಸುಕಲ್ಲಿಗೆ ಕಟ್ಟಬೇಡ, ಇಂಗ್ಲಿಷರ ಸಂಗೀತ ಇರುವುದೇ ಹೀಗೆ, ಅದು ತಿಳಿಯಬೇಕಾದರೆ ವಿದ್ಯೆ ಬೇಕು ಎಂದು ಬೈದೆ. ಅವನು ತಲೆ ಅಲ್ಲಾಡಿಸಿ ತನ್ನ ಜಾಗಕ್ಕೆ ಹೋಗಿ ನಿಂತ.

ಇಷ್ಟರಲ್ಲೇ ಮುಗಿದಿದ್ದರೆ ನನ್ನದು ಬರೀ ದಡ್ಡತನ ಎನ್ನಬಹುದಿತ್ತು. ಶಿವರಾತ್ರಿಯ ಮಾರನೆಯ ದಿನ ಸಾಲೆ ಬೇಗ ಬಿಟ್ಟಿತು. ಹೊತ್ತಿಗೆ ಮೊದಲೇ ಗೋದಾಮಿನ ಕಡೆ ನಡೆದೆ. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಒಳಗೆ ನುಡಿಸುತ್ತಿದ್ದರು. ಅದೇ ಹಾಡು, ಅದೇ ಸರಿಗಮ. ಆದರೆ ಒಬ್ಬೊಬ್ಬನೂ ತನ್ನ ವಾದ್ಯಕ್ಕೆ ಹಗುರಾಗಿ ಬರುವ ಸಾ ಹಿಡಿದಿದ್ದ. ಕ್ಲಾರಿಯೋನೆಟ್ಟಿನ ಹಾಡಿನ ಕೆಳಗೆ ಮಾರೆಪ್ಪನ ಕೊಂಬು ಕೈಗೂಡಿಸಿ ನಡೆಯುತ್ತಿತ್ತು, ದೊಡ್ಡ ಭೋಂಗಾ ಇಬ್ಬರನ್ನೂ ಹೊತ್ತುಕೊಂಡಿತ್ತು. ಬಿಸಿಲಲ್ಲಿ ನಿಂತೇ ನಾನು ಒಂದು ಸುತ್ತು ಪೂರ್ತಿ ಕೇಳಿದೆ. ಅಷ್ಟು ಚೆಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು ಎಂದರೆ ಈಗ ಯಾರು ನಂಬುತ್ತಾರೆ?

ಆಮೇಲೆ ಬಾಗಿಲು ದೂಡಿ ಒಳಗೆ ಹೋಗಿ, ಯಾರಪ್ಪನ ಅಪ್ಪಣೆ ತೆಗೆದುಕೊಂಡು ಇದನ್ನು ಬಾರಿಸುತ್ತಿದ್ದೀರಿ ಎಂದು ಕೂಗಾಡಿದೆ. ಚೆನ್ನಾಗಿತ್ತು, ಅದಕ್ಕೇ ಕೂಗಾಡಿದೆ. ಕೆಟ್ಟದ್ದಾಗಿದ್ದರೆ ನಕ್ಕು ಬಿಡುತ್ತಿದ್ದೆ. ಇನ್ನೊಮ್ಮೆ ಹೀಗೆ ಮಾಡಿದರೆ ಸಾವ್ಕಾರರಿಗೆ ಹೇಳಿ ಮಾಸ್ತರಿಕೆ ಬಿಡಿಸುತ್ತೇನೆಂದು ಹುಸೇನಸಾಬನಿಗೆ ಬೆದರಿಕೆ ಹಾಕಿದೆ. ಅವನು ಬಾಗಿಲ ಕಡೆ ನೋಡಿದ, ನನ್ನ ಮುಖ ನೋಡಿದ. ಹೊರಗೆ ಎಷ್ಟು ಹೊತ್ತು ನಿಂತಿದ್ದೆನೆಂದು ಅವನಿಗೆ ತಿಳಿದಿರಬೇಕು. ಅಷ್ಟು ಹೊತ್ತೂ ಗೋದಾಮಿನ ಹೊಸ್ತಿಲ ಮೇಲೆ ನನ್ನ ನೆರಳು ಬಿದ್ದಿತ್ತು. ಹಾರ್ಮೋನಿಯಂ ಕಡೆ ತಿರುಗಿ ನನ್ನ ಸಾ ಹಿಡಿದ.

ಪಟ್ಟಾಭಿಷೇಕದ ದಿನ ಮೈದಾನದಲ್ಲಿ ಮಂಟಪ ಹಾಕಿದ್ದರು. ಹಾನಗಲ್ಲು, ಹಿರೇಕೆರೂರು, ಸವಣೂರಿನಿಂದೆಲ್ಲ ದೊಡ್ಡ ಪಟಗ ಸುತ್ತಿದ ಜನ ಬಂದಿದ್ದರು. ಸಾಹೇಬರು, ಅವರ ಮಡದಿ ಮುಂದಿನ ಕುರ್ಚಿಗಳಲ್ಲಿ. ಪಕ್ಕದಲ್ಲಿ ಕುಬೇರಪ್ಪ ಸಾವ್ಕಾರರು. ಅವರಿಗೆ ಇಂಗ್ಲಿಷ್ ಬಾರದ್ದರಿಂದ ಬೆನ್ನ ಹಿಂದೆ ನಾನು. ಹುಸೇನಸಾಬ ಮೇ ತಿಂಗಳ ಬಿಸಿಲಿನಲ್ಲಿ ಕೋಟಿನ ಎಲ್ಲ ಗುಂಡಿ ಹಾಕಿ, ಸಾಹೇಬರಿಗೆ ಸಲಾಮು ಹೊಡೆದು ಕ್ಲಾರಿಯೋನೆಟ್ ಎತ್ತಿದ.

ನಾಲ್ಕು ಸಾಲು ಆಗುವಷ್ಟರಲ್ಲಿ ಮೇಮಸಾಹೇಬರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಹೆಗಲು ಕುಣಿಯುತ್ತಿತ್ತು. ಅಳುತ್ತಿದ್ದಾರೇನೋ ಎಂದು ಸಾವ್ಕಾರರು ಹಿಗ್ಗಿದರು. ನಗು ತಡೆಯಲಾರದೆ ಆಕೆ ಎದ್ದು ಡೇರೆಗೆ ಹೋದಾಗ ಮಾತ್ರ ಜನಕ್ಕೆ ತಿಳಿಯಿತು. ಒಬ್ಬ ನಕ್ಕ, ಹತ್ತು ಮಂದಿ ನಕ್ಕರು, ಅರ್ಧ ಮೈದಾನ ನಕ್ಕಿತು. ಅದುವರೆಗೆ ಇದೇ ಇಂಗ್ಲಿಷ್ ಸಂಗೀತವೆಂದು ತಲೆದೂಗುತ್ತಿದ್ದವರೇ ನಕ್ಕದ್ದು. ಹನ್ನೆರಡು ಜನ ಹಾಡನ್ನು ಕೊನೆ ಮುಟ್ಟಿಸಿದರು. ಒಬ್ಬನೂ ನಡುವೆ ಬಿಡಲಿಲ್ಲ.

ಸಾಹೇಬರು ನಗಲಿಲ್ಲ. ನನ್ನ ಕಡೆ ತಿರುಗಿ, ಬೇಸರದಿಂದಲೇ, ಈ ಹಾಡನ್ನು ವಿಲಾಯತಿಯಲ್ಲಿ ತಮ್ಮ ಮನೆಯ ಅಡುಗೆಯವಳು ಹಾಡುತ್ತಿದ್ದಳು ಎಂದರು. ಈ ಜನ ಒಬ್ಬೊಬ್ಬರಾಗಿ ತಪ್ಪಿಲ್ಲದೆ ನುಡಿಸುತ್ತಿದ್ದಾರೆ, ಆದರೆ ಯಾರೋ ಇವರಿಗೆ ಬುಡದಲ್ಲೇ ತಪ್ಪು ಹೇಳಿಕೊಟ್ಟಿದ್ದಾರೆ. ಪಾಪ, ಇವರದೇನೂ ದೋಷವಿಲ್ಲ, ಹಾಗೆಂದು ಅವರಿಗೆ ತಿಳಿಸಿ ಎಂದರು.

‘ಏನಂದ್ರು?’ ಎಂದು ಸಾವ್ಕಾರರು ಕೇಳಿದರು. ಅವರ ಮುಖ ಕಪ್ಪಿಟ್ಟಿತ್ತು.

ಆ ಕ್ಷಣವನ್ನು ನಾನು ಹನ್ನೆರಡು ವರ್ಷಗಳಿಂದ ತಿರುವಿ ಹಾಕುತ್ತಿದ್ದೇನೆ. ಗಾಬರಿಯಿಂದ ಬಾಯಿ ತಪ್ಪಿತು ಎನ್ನಲು ಬಹಳ ಪ್ರಯತ್ನ ಮಾಡಿದ್ದೇನೆ. ತಪ್ಪಲಿಲ್ಲ. ಯೋಚಿಸಿಯೇ ಹೇಳಿದೆ.

‘ಬ್ಯಾಂಡ್ ಮಾಸ್ತರಗ ಸುರ ತಿಳಿಯೂದಿಲ್ಲ ಅಂತಾರ್ರಿ.’

ಸಾವ್ಕಾರರು ಹುಸೇನಸಾಬನನ್ನು ಕರೆದು, ನಿನಗೆ ಸುರ ತಿಳಿಯುವುದಿಲ್ಲವಂತೆ, ಸಾಹೇಬರೇ ಹೇಳಿದರು, ಏನನ್ನುತ್ತಿ ಎಂದು ಎಲ್ಲರೆದುರು ಕೇಳಿದರು. ಅವನು ನನ್ನ ಮೇಲೆ ಹೇಳುತ್ತಾನೆ ಎಂದುಕೊಂಡೆ. ಹೇಳಿಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ಖರೇ ಐತ್ರಿ ಸಾವ್ಕಾರ್ರ. ಮಾಸ್ತರ್ರು ಸರೀನ ಹೇಳಿಕೊಟ್ಟಿದ್ರು. ನನ್ನ ಕಿವಿಗೇ ಹೊಂದಲಿಲ್ರಿ. ನನ್ನ ಕಿವಿ ಕೆಟ್ಟೈತಿ.’

ಅವನು ನನ್ನನ್ನು ಉಳಿಸಲು ಹೇಳಿದ್ದಲ್ಲ. ನಂಬಿಯೇ ಹೇಳಿದ್ದು. ನಾಲ್ಕು ತಿಂಗಳು ನಾನು ಬೈದು ಬೈದು ಅವನ ತಲೆಗೆ ಹೊಡೆದದ್ದನ್ನು ಆ ಸಾಹೇಬನ ಹೆಸರಿನ ಒಂದು ಸುಳ್ಳು ಗಟ್ಟಿ ಮಾಡಿತ್ತು.

ಕೋಟು, ಕ್ಲಾರಿಯೋನೆಟ್ ಇಟ್ಟು ಹೋಗು ಎಂದರು ಸಾವ್ಕಾರರು. ಅವನು ಅಲ್ಲೇ ನಿಂತು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಬೆವರಿಗೆ ತೊಯ್ದ ಹಿತ್ತಾಳೆ ಜಾರುತ್ತಿತ್ತು, ಬಹಳ ಹೊತ್ತು ಹಿಡಿಯಿತು. ಒಳಗೆ ಹರಿದ ಬನಿಯನ್ ಇತ್ತು. ಕೋಟನ್ನು ನೀಟಾಗಿ ಮಡಿಚಿ ಅದರ ಮೇಲೆ ಕ್ಲಾರಿಯೋನೆಟ್ ಇಟ್ಟು, ಬನಿಯನ್ ಮೇಲೆಯೇ ಬಂಕಾಪುರದ ದಾರಿ ಹಿಡಿದು ನಡೆದುಹೋದ.

ಬ್ಯಾಂಡು ನಿಲ್ಲಲಿಲ್ಲ. ಸವಣೂರಿನ ಶಹಾಬುದ್ದೀನ ಎಂಬವನು ಬಂದು ಸಿನಿಮಾದ ಹಾಡು ಕಲಿಸಿದ. ಟ್ರಂಕಿನ ಕಾಗದ ಮುಟ್ಟಲೂ ಇಲ್ಲ. ಸುತ್ತಲಿನ ನಾಲ್ಕು ತಾಲೂಕಿನ ಮದುವೆಗಳಿಗೆ ಆ ಬ್ಯಾಂಡೇ. ಸಾವ್ಕಾರರಿಗೆ ರಾವಸಾಹೇಬಿಕೆ ಬರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಅವರು ಖಾದಿ ಟೊಪ್ಪಿಗೆ ಹಾಕಿದ್ದರು, ಅದು ಅವರಿಗೆ ಚೆನ್ನಾಗಿಯೇ ಹೊಂದಿತು.

೧೯೪೬ರಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಧಾರವಾಡಕ್ಕೆ ಹೋಗಿದ್ದೆ. ಹಳೆಯ ಪುಸ್ತಕ ಮಾರುವವನ ಹತ್ತಿರ ಬ್ಯಾಂಡ್ ಸಂಗೀತದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ನಿಂತಲ್ಲೇ ತೆರೆದೆ. ಬ್ಯಾಂಡಿನ ವಾದ್ಯಗಳೆಲ್ಲ ಒಂದೇ ಅಳತೆಯವಲ್ಲ. ಪ್ರತಿಯೊಂದಕ್ಕೂ ತನ್ನದೇ ಸಾ. ಬರೆಯುವವನು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಒಬ್ಬೊಬ್ಬರ ಕಾಗದವನ್ನು ಬೇರೆ ಬೇರೆಯಾಗಿ ಬರೆದಿರುತ್ತಾನೆ. ಒಬ್ಬೊಬ್ಬನೂ ತನ್ನ ವಾದ್ಯದ ಸಾ ಹಿಡಿದು ಕಾಗದದಂತೆ ನುಡಿಸಿದರೆ ಎಲ್ಲ ತಾನಾಗಿ ಕೂಡುತ್ತದೆ. ಯಾವ ವಾದ್ಯಕ್ಕೆ ಯಾವ ಸಾ ಎಂಬುದನ್ನು ಮೂಲೆಯಲ್ಲಿ ಒಂದು ಅಕ್ಷರದಿಂದ ತೋರಿಸಿರುತ್ತಾರೆ. ಇಷ್ಟೇ. ಅಕ್ಷರ ಬಾರದ ಹುಸೇನಸಾಬ ಒಂದು ವಾರದಲ್ಲಿ ಕಿವಿಯಿಂದ ಕಂಡುಹಿಡಿದದ್ದು ಇದನ್ನೇ. ಪುಸ್ತಕವನ್ನು ಕೊಳ್ಳದೆ ಅಲ್ಲೇ ಇಟ್ಟು ಬಂದೆ.

ಬಂಕಾಪುರ ಐದಾರು ಮೈಲಿ. ಅಲ್ಲಿಗೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು. ಸ್ವಾತಂತ್ರ್ಯದ ಧ್ವಜ ಏರಿಸಿದ ಮರು ತಿಂಗಳು, ಮಧ್ಯಾಹ್ನ, ಹುಸೇನಸಾಬನ ಮನೆ ಮುಂದೆ ನಿಂತೆ. ಅವನು ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದ. ಗಡ್ಡ, ರೆಪ್ಪೆ, ಕಿವಿಯ ತುಂಬ ಹತ್ತಿಯ ಎಳೆ. ‘ಬರ್ರಿ ಮಾಸ್ತರ್ರ, ಕುಂದರ್ರಿ’ ಎಂದ. ಲಾಲಬಿ ನೀರು ತಂದಿಟ್ಟಳು.

ಅವನನ್ನು ಮೊದಲ ಸಲ ನೀವು ಎಂದು ಕರೆದು ಎಲ್ಲ ಹೇಳಿದೆ. ಮೂಲೆಯ ಅಕ್ಷರ, ವಾದ್ಯಕ್ಕೊಂದು ಸಾ, ಹಾಲು ಕರೆಯುವ ಹುಡುಗಿಯ ಹಾಡು ಎಂದಿದ್ದ ಮುನ್ನುಡಿ. ಸಾಹೇಬರು ನಿಜವಾಗಿ ಅಂದದ್ದೇನು, ನಾನು ಹೇಳಿದ್ದೇನು ಎಂಬುದನ್ನೂ ಹೇಳಿದೆ. ನಿಮ್ಮ ಕಿವಿ ಸರಿಯಿತ್ತು ಎಂದೆ. ಅವನ ಬಿಲ್ಲು ನಿಂತಿತ್ತು. ಮಾತಾಡಿದವಳು ಲಾಲಬಿ.

‘ಮಗಳು ರೋಶನಬಿ ಬೀಸುವಾಗ ಹಾಡಿದ್ರ, ಅವತ್ತಿನಿಂದ ಇವರು ಸುರ ಸರಿ ಐತೇನು ಅಂತ ನನ್ನ ಕೇಳ್ತಿದ್ರು, ಮಾಸ್ತರ್ರ. ನನಗೇನು ಗೊತ್ತು? ಕೇಳಿ ಕೇಳಿ ಆ ಹುಡುಗಿ ಹಾಡೂದ ಬಿಟ್ಟಳು.’

ಹುಸೇನಸಾಬ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದ. ಅವನು ಸಿಟ್ಟಿಗೆದ್ದು ಎರಡು ಬೈದಿದ್ದರೆ ನಾನು ಹಗುರಾಗಿ ಮನೆಗೆ ಬರುತ್ತಿದ್ದೆ. ಆ ಆಸೆಯಿಂದಲೇ ಹೋಗಿದ್ದೆನೋ ಏನೋ. ಅವನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ.

‘ಶಿವರಾತ್ರಿ ಮರುದಿನ ನಾವು ಗೋದಾಮಿನ್ಯಾಗ ನಮ್ಮ ಪಾಡಿಗೆ ಬಾರಿಸಿದ್ವಲ್ಲ. ನೀವು ಹೊರಗ ನಿಂತು ಕೇಳಿದ್ರಿ. ಅದು ಹೆಂಗಿತ್ರಿ?’

‘ಭಾಳ ಚಲೋ ಇತ್ತು, ಹುಸೇನಸಾಬ.’

‘ಅಷ್ಟ ಅವತ್ತ ಅಂದಿದ್ರ ಸಾಕಾಗ್ತಿತ್ರಿ’ ಎಂದ. ಆಮೇಲೆ, ‘ಇದನ್ನ ನನಗ ಹೇಳಿ ಏನು ಮಾಡ್ತೀರಿ? ಸಾವ್ಕಾರಗ ಹೇಳ್ರಿ. ಆ ದಿನ ಕುಂತಿದ್ರಲ್ಲ, ಆ ಮಂದಿ ಮುಂದ ಹೇಳ್ರಿ’ ಎಂದ. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವನು ತಲೆದೂಗಿ ಬಿಲ್ಲು ಎತ್ತಿಕೊಂಡ. ನಾನು ಕುಡಿಯದೆ ಬಿಟ್ಟ ನೀರನ್ನು ಲಾಲಬಿ ಅಂಗಳಕ್ಕೆ ಚೆಲ್ಲಿದಳು.

ಮಾತು ಕೊಟ್ಟು ಎರಡು ವರ್ಷವಾಯಿತು. ಮೊದಲು ನನ್ನ ಹೆಡ್‌ಮಾಸ್ತರಿಕೆಯ ಬಡ್ತಿ ಅಡ್ಡ ಬಂತು. ಸಾಲೆಯ ಕಮಿಟಿಗೆ ಸಾವ್ಕಾರರೇ ಅಧ್ಯಕ್ಷರು. ಬಡ್ತಿ ಬಂದ ಮೇಲೆ ಅವರೇ ಕೈಯಾರೆ ನನಗೆ ಶಾಲು ಹೊದಿಸಿದರು. ಆ ಸಭೆಯಲ್ಲಿ ಅವತ್ತಿನ ಮೈದಾನದ ಜನ ಬಹುಪಾಲು ಕೂತಿದ್ದರು. ನಾನು ಮಾತಾಡಲು ಎದ್ದೆ. ಎಲ್ಲರಿಗೂ ಕೃತಜ್ಞತೆ ಹೇಳಿ ಕೂತೆ.

ಕಳೆದ ತಿಂಗಳು ಬಂಕಾಪುರದಿಂದ ಬಂದ ಗಾದಿಯ ವ್ಯಾಪಾರಿ, ಹುಸೇನಸಾಬ ತೀರಿಕೊಂಡ ಸುದ್ದಿ ತಂದ. ಮಣ್ಣಿಗೆ ಮಾರೆಪ್ಪ ಹೋಗಿದ್ದನಂತೆ. ನಾನು ಸುದ್ದಿ ತಿಳಿದ ಮೇಲೂ ಆ ಮನೆಗೆ ಹೋಗಲಿಲ್ಲ. ಬದಲಿಗೆ ಕೂತು ಇದನ್ನು ಬರೆದಿದ್ದೇನೆ; ಕಾಗದದ ಮೇಲೆ ನಾನು ಯಾವಾಗಲೂ ಧೈರ್ಯಸ್ಥ. ಸಾವ್ಕಾರರ ಅಂಗಡಿ ನನ್ನ ಸಾಲೆಯ ದಾರಿಯಲ್ಲೇ ಇದೆ. ಇವತ್ತು ಬೆಳಿಗ್ಗೆಯೂ ಅವರು ಗಾದಿಗೆ ಒರಗಿ ಕೂತಿದ್ದರು, ಏನು ಮಾಸ್ತರ್ ಎಂದರು. ನಾನು ನಮಸ್ಕಾರ ಮಾಡಿ ಮುಂದೆ ಹೋದೆ.